ಮೆಕ್ಸಿಕೋ ಸಿಟಿಯಲ್ಲಿ ಮೂರು ತಿಂಗಳು: ಸಸ್ಯಾಹಾರಿಗಳು ಏನು ತಿನ್ನೋದು?

ಮೆಕ್ಸಿಕೋ ಸಿಟಿಗೆ ಮೂರ್ನಾಲ್ಕು ತಿಂಗಳ ಮಟ್ಟಿಗೆ ಹೊರಟವರು ಮೊದಲು ಕೇಳುವುದು ವೀಸಾ ಬಗ್ಗೆ ಅಲ್ಲ, ಬಾಡಿಗೆ ಬಗ್ಗೆಯೂ ಅಲ್ಲ. ‘ನಾವು ಸಸ್ಯಾಹಾರಿಗಳು, ಅಲ್ಲಿ ಏನು ತಿನ್ನೋದು?’ ಅಂತ. (ವೀಸಾ ಸಂಗತಿ ಒಂದೇ ಮಾತಿನದು: ಅಮೆರಿಕದ ಚಾಲ್ತಿ ವೀಸಾ ಇದ್ದರೆ ಭಾರತೀಯರಿಗೆ ಮೆಕ್ಸಿಕೋದ ಪ್ರವಾಸಿ ವೀಸಾ ಬೇರೆ ಬೇಕಿಲ್ಲ. ಆದರೆ 180 ದಿನ ಅನ್ನುವುದು ಗರಿಷ್ಠ ಮಿತಿ ಮಾತ್ರ. ಅಧಿಕಾರಿ ಎಷ್ಟು ದಿನ ಬರೆದರೋ ಅಷ್ಟೇ ನಿಮ್ಮದು, ಕೌಂಟರ್ ಬಿಡುವ ಮುಂಚೆ ನೋಡಿಕೊಳ್ಳಿ.)

ಊಟದ ಪ್ರಶ್ನೆಗೆ ನನ್ನ ಉತ್ತರ: ಗ್ಯಾಸ್ ಒಲೆ ಇರುವ ಮನೆ ಹಿಡಿದರೆ ಚೆನ್ನಾಗಿಯೇ ತಿನ್ನಬಹುದು. ಬರೀ ಹೋಟೆಲ್ ನಂಬಿಕೊಂಡರೆ ಎರಡನೇ ವಾರದ ಹೊತ್ತಿಗೆ ಚೀಸು, ಆಲೂಗಡ್ಡೆ, ಅವೊಕಾಡೊ ಇಷ್ಟರಲ್ಲೇ ಸುತ್ತುತ್ತಿರುತ್ತೀರಿ. ಅಷ್ಟರಲ್ಲಿ ಗೊತ್ತಿಲ್ಲದೆ ಹಂದಿ ಕೊಬ್ಬನ್ನೂ ತಿಂದಾಗಿರುತ್ತದೆ.

ಆ ಕೊಬ್ಬಿನ ಹೆಸರು ಮಾಂತೇಕಾ. ತಟ್ಟೆಯಲ್ಲಿ ಕಣ್ಣಿಗೆ ಕಾಣುವ ಮಾಂಸ ಸಮಸ್ಯೆಯೇ ಅಲ್ಲ, ಬೇಡ ಅಂದರೆ ಆಯಿತು. ಕಾಣದ್ದೇ ತೊಂದರೆ. ಬೇಯಿಸಿದ ಹುರುಳಿಕಾಯಿ ಬೀಜವನ್ನು ಅರೆದು ಬಾಡಿಸುವ ‘ಫ್ರಿಹೋಲೆಸ್ ರೆಫ್ರಿತೋಸ್’ಗೆ ಸಾಮಾನ್ಯವಾಗಿ ಇದೇ ಕೊಬ್ಬು. ಬೆಳಿಗ್ಗೆ ಮೂಲೆಮೂಲೆಯಲ್ಲಿ ಹಬೆಯಾಡುವ ಮೆಕ್ಕೆಜೋಳದ ಕಡುಬು ತಮಾಲೆಸ್‌ನ ಹಿಟ್ಟು ಹಗುರಾಗುವುದೇ ಮಾಂತೇಕಾ ಹಾಕಿ ಚೆನ್ನಾಗಿ ಕಲಸುವುದರಿಂದ. ಹಾಗಾಗಿ ಒಳಗೆ ಚೀಸು–ಮೆಣಸಿನಕಾಯಿ ಇರಲಿ, ಸಿಹಿ ಇರಲಿ, ಹೊರಗಿನ ಹಿಟ್ಟು ಹೆಚ್ಚಾಗಿ ಸಸ್ಯಾಹಾರಿ ಅಲ್ಲ. ಗೋಧಿಯ ತೋರ್ತಿಯಾ ಎಂಬ ತೆಳು ರೊಟ್ಟಿಯಲ್ಲೂ ಇರಬಹುದು, ಪೊಟ್ಟಣದ ಮೇಲೆ ಓದಿ.

ಎರಡನೆಯದು ಕೋಳಿ ಸಾರು, ಕಾಲ್ದೊ ದೆ ಪೋಯೊ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಫೋಂದಾ ಎಂಬ ಸಣ್ಣ ಊಟದ ಮನೆಗಳಲ್ಲಿ ಕೊಡುವ ‘ಕೊಮೀದಾ ಕೊರ್ರೀದಾ’ ನಮ್ಮ ಮೀಲ್ಸ್ ಇದ್ದ ಹಾಗೆ: ಸೂಪು, ಅನ್ನ, ಮುಖ್ಯ ಅಡುಗೆ, ಹಣ್ಣಿನ ನೀರು. ಅಗ್ಗ, ಬಿಸಿ, ರುಚಿ. ಆದರೆ ತರಕಾರಿ ಸೂಪಿಗೂ ಕೆಂಪು ಅನ್ನಕ್ಕೂ ಕೋಳಿ ಸಾರು ಅಥವಾ ಅದರ ಪುಡಿ ಬೀಳುವುದೇ ಹೆಚ್ಚು. ಬಿಳಿ ಅನ್ನವನ್ನೂ ಕೇಳದೆ ನಂಬುವ ಹಾಗಿಲ್ಲ.

‘ಸಿನ್ ಕಾರ್ನೆ’, ಅಂದರೆ ಮಾಂಸ ಬೇಡ, ಅಂದರೆ ಸಾಲದು. ಕಾರ್ನೆ ಅಂದರೆ ದನದ ಮಾಂಸ ಎಂದುಕೊಂಡು ಕೋಳಿಯನ್ನೋ ಹ್ಯಾಮನ್ನೋ ತಂದಿಡುವವರು ಇದ್ದಾರೆ, ಅದರಲ್ಲಿ ಮೋಸವೇನಿಲ್ಲ. ಪೂರ್ತಿ ಹೇಳಿ: ‘ನೋ ಕೋಮೊ ಕಾರ್ನೆ, ನಿ ಪೋಯೊ, ನಿ ಪೆಸ್ಕಾದೊ, ನಿ ಹಾಮೋನ್’, ಅಂದರೆ ಮಾಂಸ, ಕೋಳಿ, ಮೀನು, ಹ್ಯಾಮ್ ಯಾವುದನ್ನೂ ತಿನ್ನುವುದಿಲ್ಲ. ಕೊಬ್ಬಿನ ವಿಷಯದಲ್ಲಿ ‘ಮಾಂತೇಕಾ ಇದೆಯಾ?’ ಎಂದು ಕೇಳಬೇಡಿ, ಗಿರಾಕಿಗೆ ಬೇಸರ ಆಗದಿರಲಿ ಅಂತ ‘ಇಲ್ಲ’ ಎಂದುಬಿಡುತ್ತಾರೆ. ‘ಕೋನ್ ಆಸೇಯ್ತೆ ಓ ಕೋನ್ ಮಾಂತೇಕಾ?’, ಎಣ್ಣೆಯದೋ ಕೊಬ್ಬಿನದೋ ಎಂದು ಕೇಳಿದರೆ ನಿಜ ಹೊರಬರುತ್ತದೆ.

ಈಸ್ಟರ್‌ಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಮಾಂಸ ಬಿಡುತ್ತಾರೆ, ನಮಗೆ ಹಬ್ಬ ಎಂದುಕೊಳ್ಳಬೇಡಿ. ಮೀನು, ಸಿಗಡಿ ಆಗ ಜಾಸ್ತಿಯಾಗುತ್ತವೆ. ನೋಡಲು ಬರೀ ಸೊಪ್ಪಿನ ಅಡುಗೆಯಾದ ರೊಮೆರೀತೋಸ್‌ನಲ್ಲಿ ಒಣ ಸಿಗಡಿ ಪುಡಿಯ ವಡೆಗಳಿರುತ್ತವೆ.

ಹಾಗಾದರೆ ಬೀದಿಯಲ್ಲಿ ಏನು ತಿನ್ನಬಹುದು? ಮೆಕ್ಕೆಜೋಳದ ತೋರ್ತಿಯಾ ಧೈರ್ಯವಾಗಿ ತಿನ್ನಿ: ಜೋಳ, ಸುಣ್ಣ, ನೀರು ಬಿಟ್ಟರೆ ಬೇರೇನಿಲ್ಲ. ನನ್ನ ಕೇಳಿದರೆ ಈ ಊರಿನ ಉತ್ತಮ ಸಸ್ಯಾಹಾರ ತ್ಲಾಕೋಯೊ. ನೀಲಿ ಜೋಳದ ಹಿಟ್ಟಿನೊಳಗೆ ಬೀನ್ಸ್ ಅಥವಾ ಆಬಾ ಕಾಳಿನ ಹೂರಣ ತುಂಬಿ ಉದ್ದುದ್ದ ತಟ್ಟಿ ಹಂಚಿನ ಮೇಲೆ ಬೇಯಿಸಿ, ಮೇಲೆ ನೊಪಾಲ್ ಎಂಬ ಪಾಪಾಸುಕಳ್ಳಿಯ ಪಲ್ಯ, ಈರುಳ್ಳಿ, ಚೀಸು, ಚಟ್ನಿ ಹಾಕಿ ಕೊಡುತ್ತಾರೆ. ತೋರ್ತಿಯಾ ಮಡಚಿ ಒಳಗೆ ತುಂಬಿ ಕೊಡುವ ಕೆಸದೀಯಾದಲ್ಲಿ ಕುಂಬಳ ಹೂವು, ಅಣಬೆ, ಜೋಳದ ತೆನೆಗೆ ಬರುವ ಕಪ್ಪು ಬೂಷ್ಟು ವಿತ್ಲಾಕೋಚೆ ಇವೆಲ್ಲ ಸಿಗುತ್ತವೆ. ಮೆಕ್ಸಿಕೋ ಸಿಟಿಯಲ್ಲಿ ಮಾತ್ರ ಕೆಸದೀಯಾ ಅಂದರೆ ಚೀಸ್ ಇದ್ದೇ ಇರುತ್ತದೆ ಅಂತೇನಿಲ್ಲ, ಬೇಕಿದ್ದರೆ ‘ಕೋನ್ ಕೇಸೊ’ ಅನ್ನಬೇಕು. ದೇಶದ ಉಳಿದ ಊರಿನವರು ಇದನ್ನು ಹಿಡಿದುಕೊಂಡು ರಾಜಧಾನಿಯವರನ್ನು ಗೇಲಿ ಮಾಡುತ್ತಲೇ ಇರುತ್ತಾರೆ. ಬೇಯಿಸಿದ ಜೋಳದ ಕಾಳು ಎಸ್ಕೀತೆಸ್ ಕೊಳ್ಳುವಾಗ ಪಾತ್ರೆಯೊಳಗೆ ಇಣುಕಿ ನೋಡಿ, ಕೆಲವರು ಅದರಲ್ಲಿ ಕೋಳಿ ಕಾಲು ಹಾಕಿ ಕುದಿಸಿರುತ್ತಾರೆ. ಒಂದೇ ಹಂಚಿನಲ್ಲಿ ಮಾಂಸವೂ ಬೇಯುತ್ತದೆ ಎಂಬುದನ್ನು ಒಪ್ಪಲಾರದವರಿಗೆ ಬೀದಿ ತಿಂಡಿ ಆಗಿಬರುವುದಿಲ್ಲ.

ಮನೆ ಅಡುಗೆಗೆ ಬಂದರೆ ಚಿತ್ರವೇ ಬೇರೆ. ಹೆಚ್ಚುಕಮ್ಮಿ ಪ್ರತಿ ಬಡಾವಣೆಗೂ ವಾರಕ್ಕೊಮ್ಮೆ ನಿಗದಿತ ದಿನ, ನಿಗದಿತ ರಸ್ತೆಯಲ್ಲಿ ತಿಯಾಂಗಿಸ್ ಎಂಬ ಸಂತೆ ಸೇರುತ್ತದೆ. ಕೊಂದೇಸಾ ಬಡಾವಣೆಯದು ಮಂಗಳವಾರ, ಪಚೂಕಾ ರಸ್ತೆಯಲ್ಲಿ. ರೋಮಾ ಸುರ್‌ನಲ್ಲಿ ಮೆದೆಯೀನ್ ಮಾರುಕಟ್ಟೆ ದಿನವೂ ತೆರೆದಿರುತ್ತದೆ. ಅಲ್ಲಿ ಚಾಯೋತೆ ಅಂತ ಗುಡ್ಡೆ ಹಾಕಿರುವುದು ನಮ್ಮ ಸೀಮೆಬದನೆಕಾಯಿ. ಅದರ ತವರೇ ಆ ಕಡೆ. ವೆರ್ದೊಲಾಗಾಸ್ ಅಂದರೆ ದೊಡ್ಡಗೋಣಿ ಸೊಪ್ಪು, ಕಿಂತೊನೀಲ್ ಅಂದರೆ ದಂಟಿನ ಸೊಪ್ಪಿನ ಜಾತಿಯದು. ಕೊತ್ತಂಬರಿ ಕಟ್ಟುಗಟ್ಟಲೆ ಸಿಗುತ್ತದೆ. ಹಸಿಮೆಣಸಿನಕಾಯಿಗೆ ಸೆರ್ರಾನೊ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ಗ್ವಾಹೀಯೊ, ಖಾರಕ್ಕೆ ದೆ ಆರ್ಬೊಲ್. ನಾಲ್ಕಕ್ಕೆ ಒಂದರಂತೆ ಬೆರೆಸಿದರೆ ಸಾರಿನ ಪುಡಿ ಹದವಾಗಿ ಬರುತ್ತದೆ. ಬೆಲ್ಲಕ್ಕೆ ಪಿಲೊನ್ಸೀಯೊ ಎಂಬ ಶಂಕುವಿನಾಕಾರದ ಅಚ್ಚು. ಹುಣಸೆಹಣ್ಣನ್ನು ಸಿಪ್ಪೆಸಮೇತ ಇರುವುದನ್ನೇ ಕೊಳ್ಳಿ, ತಿರುಳಿನ ಪೊಟ್ಟಣದಲ್ಲಿ ಸಕ್ಕರೆ ಇರುವುದು ಮಾಮೂಲು. ಕರಿಬೇವು, ಇಂಗು, ಉದ್ದಿನಬೇಳೆ ಮಾತ್ರ ಸಂತೆಯಲ್ಲಿ ಕಾಣುವುದಿಲ್ಲ.

ನೊಪಾಲ್ ತಂದರೆ ಮುಳ್ಳು ತೆಗೆಸಿಕೊಂಡೇ ತನ್ನಿ. ಅದಕ್ಕೆ ಬೆಂಡೆಕಾಯಿಯಂಥ ಲೋಳೆ ಇದೆ. ಹೆಚ್ಚಿ ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು ತೊಳೆದು, ಮುಚ್ಚಳ ಹಾಕದೆ ಬಾಡಿಸಿದರೆ ಲೋಳೆ ಹೋಗುತ್ತದೆ. ತೋರ್ತಿಯಾ ಅಂಗಡಿಯಲ್ಲಿ ಹಸಿ ಹಿಟ್ಟನ್ನೂ ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ. ಈರುಳ್ಳಿ, ಮೆಣಸಿನಕಾಯಿ, ಕೊತ್ತಂಬರಿ ಹಾಕಿ ಕಲಸಿ ಕಾವಲಿಗೆ ತಟ್ಟಿದರೆ ಒಳ್ಳೆಯ ರೊಟ್ಟಿ. ಅವತ್ತಿನದನ್ನು ಅವತ್ತೇ ಮುಗಿಸಿ, ಹಿಟ್ಟು ಬೇಗ ಹುಳಿಯಾಗುತ್ತದೆ.

ತೊಗರಿಬೇಳೆ ಸಿಗದಿದ್ದಾಗ ಎಲ್ಲರೂ ಲೆಂತೇಹಾ ಎಂಬ ಕಂದು ಮಸೂರಕ್ಕೆ ಹೋಗುತ್ತಾರೆ. ಹುಳಿಗೆ ಅದಕ್ಕಿಂತ ಒಳ್ಳೆಯದು ಸಿಪ್ಪೆ ತೆಗೆದ ಒಣ ಆಬಾ. ಬೆಂದರೆ ಹಳದಿಯಾಗಿ ಕರಗಿ ನಿಲ್ಲುತ್ತದೆ. ಇಂಗ್ಲಿಷಿನವರು ಫಾವಾ ಬೀನ್ ಅನ್ನುವುದು ಇದನ್ನೇ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರು ಮುಟ್ಟಬಾರದು, ರಕ್ತಕಣಗಳು ಒಡೆಯುತ್ತವೆ.

ಇನ್ನು ಬೇಯುವ ವಿಚಾರ. ಹೊಸಬರು ಬೇಳೆಯನ್ನು ಬೈಯುತ್ತಾರೆ, ತಪ್ಪು ಬೇಳೆಯದಲ್ಲ, ಎತ್ತರದ್ದು. ಮೆಕ್ಸಿಕೋ ಸಿಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಮೇಲಿದೆ; ಬೆಂಗಳೂರು 920ರ ಆಸುಪಾಸು. ಬೆಂಗಳೂರಲ್ಲಿ 97 ಡಿಗ್ರಿಗೆ ಕುದಿಯುವ ನೀರು ಅಲ್ಲಿ 92–93ಕ್ಕೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಎಷ್ಟು ಉರಿ ಕೊಟ್ಟರೂ ಅದಕ್ಕಿಂತ ಬಿಸಿ ಏರುವುದಿಲ್ಲ, ನೀರು ಆರುತ್ತದೆ, ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ. ಕುಕ್ಕರ್ ಬೇಕೇ ಬೇಕು. ಅದರ ಸೀಟಿಯ ಭಾರವೂ ಹೊರಗಿನ ಗಾಳಿಯ ಒತ್ತಡದ ಮೇಲೆ ಇಷ್ಟು ಎಂದು ಲೆಕ್ಕ ಹಿಡಿಯುವುದರಿಂದ ಒಳಗಿನ ಬಿಸಿ ಬೆಂಗಳೂರಿಗಿಂತ ಎರಡು ಮೂರು ಡಿಗ್ರಿ ಕಮ್ಮಿಯೇ. ಊರಲ್ಲಿ ಮೂರು ಕೂಗು ಆಗುತ್ತಿದ್ದ ಬೇಳೆಗೆ ಇಲ್ಲಿ ನಾಲ್ಕೈದು ಕೂಗಿಸಿ, ಬೀನ್ಸ್ ರಾತ್ರಿಯೇ ನೆನೆಹಾಕಿ. ಮೂರು ಲೀಟರಿನ ಕುಕ್ಕರನ್ನು ಊರಿಂದಲೇ ಒಯ್ಯಬಹುದು. ಆದರೆ ಬಾಡಿಗೆ ಮನೆಯಲ್ಲಿ ಇಂಡಕ್ಷನ್ ಒಲೆ ಇದ್ದರೆ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬಾರದು. ಮನೆಯವರನ್ನು ಮೊದಲೇ ಕೇಳಿ.

ಮಿಕ್ಸಿ ಮಾತ್ರ ಹೊರಬೇಡಿ. ಅಲ್ಲಿನ ಕರೆಂಟು 127 ವೋಲ್ಟ್. 230ರ ಮೋಟರಿಗೆ ಅದರಲ್ಲಿ ಮೂರನೇ ಒಂದು ಪಾಲಿನ ಶಕ್ತಿ ಬಂದರೆ ಹೆಚ್ಚು, ಚಟ್ನಿ ಅರ್ಧಕ್ಕೇ ನಿಲ್ಲುತ್ತದೆ. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟೇಜ್ ಅಲ್ಲ. ಲಿಕ್ವಾದೋರಾ ಎಂಬ ಬ್ಲೆಂಡರ್ ಅಲ್ಲಿ ಹೆಚ್ಚುಕಮ್ಮಿ ಪ್ರತಿ ಮನೆಯಲ್ಲೂ ಇರುತ್ತದೆ, ನೀರು ಸ್ವಲ್ಪ ಹೆಚ್ಚು ಬೇಡುತ್ತದೆ ಅಷ್ಟೇ.

ನಲ್ಲಿ ನೀರು ಕುಡಿಯಬೇಡಿ. 20 ಲೀಟರಿನ ಗರ್ರಾಫೋನ್ ಕ್ಯಾನು ಮೊದಲ ಸಲ ಖಾಲಿ ಕ್ಯಾನಿನ ಹಣ ಸೇರಿಸಿ ಕೊಳ್ಳಬೇಕು, ಆಮೇಲೆ ಬದಲಾಯಿಸಿಕೊಂಡರೆ ಸಾಕು.

ಊರಿಂದ ಒಯ್ಯಬೇಕಾದ್ದು ಕಡಿಮೆ: ಇಂಗು, ಸಾರಿನ ಪುಡಿ, ಹುಳಿಪುಡಿ, ಕಾಫಿ ಫಿಲ್ಟರ್. ವಿಮಾನ ನಿಲ್ದಾಣದಲ್ಲಿ ಕೃಷಿ ತಪಾಸಣೆ ಕಟ್ಟುನಿಟ್ಟು, ಮೂಸುವ ನಾಯಿಗಳೂ ಇರುತ್ತವೆ. ಕಂಪನಿ ಸೀಲ್ ಇರುವ, ಹುರಿದು ಪುಡಿ ಮಾಡಿದ ಮಸಾಲೆ ಪೊಟ್ಟಣಗಳಿಗೆ ತಕರಾರು ಕಡಿಮೆ. ಹಸಿ ಕರಿಬೇವು, ಮೊಳೆಯಬಲ್ಲ ಇಡೀ ಕಾಳು, ಮನೆಯಲ್ಲಿ ಕಟ್ಟಿದ ಪೊಟ್ಟಣಗಳನ್ನು ತೆಗೆದಿಟ್ಟುಕೊಳ್ಳುವ ಸಂಭವವೇ ಹೆಚ್ಚು. ಫಾರಂನಲ್ಲಿ ಮುಚ್ಚಿಡದೆ ಬರೆಯಿರಿ.

ಕೊನೆಗೆ ಮೊಸರು. ‘ನಾತುರಾಲ್’ ಎಂದು ಬರೆದ ಯೋಗರ್ಟಿನಲ್ಲೂ ಗಟ್ಟಿ ಬರಲೆಂದು ಗ್ರೆನೆತೀನಾ, ಅಂದರೆ ಜೆಲಟಿನ್, ಹಾಕಿರಬಹುದು. ಅದು ಪ್ರಾಣಿಮೂಲದ್ದು. ಪದಾರ್ಥಗಳ ಪಟ್ಟಿಯಲ್ಲಿ ಹಾಲು ಮತ್ತು ಹೆಪ್ಪು ಮಾತ್ರ ಇರುವುದನ್ನು ಒಂದು ಸಲ ತಂದು, ‘ಲೆಚೆ ಎಂತೇರಾ’ ಎಂಬ ಗಟ್ಟಿ ಹಾಲಿಗೆ ಹೆಪ್ಪು ಹಾಕಿಕೊಳ್ಳಿ. ಪಕ್ಕದಲ್ಲೇ ಅಗ್ಗವಾಗಿ ಇಟ್ಟಿರುವ ‘ಫೋರ್ಮುಲಾ ಲಾಕ್ತೆಯಾ’ದಲ್ಲಿ ಸಸ್ಯಮೂಲದ ಕೊಬ್ಬು ಬೆರೆತಿರುತ್ತದೆ, ಮೊಸರು ನೀರುನೀರು. ಚಳಿಗಾಲದ ರಾತ್ರಿ ಹತ್ತು ಡಿಗ್ರಿಗೂ ಕೆಳಗೆ ಇಳಿಯುವುದುಂಟು. ಆಗ ಪಾತ್ರೆಯನ್ನು ಉರಿಸದ ಓವನ್ನಿನೊಳಗೆ ದೀಪ ಮಾತ್ರ ಹಾಕಿ ಇಡಿ. ಅಲ್ಲಿನ ಚೀಸುಗಳಲ್ಲಿ ಹಾಲು ಗಟ್ಟಿಯಾಗಲೆಂದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿರಬಹುದು. ಅದು ಬೇಡ ಅನ್ನುವವರು ಇದೇ ಹಾಲು ಕಾಯಿಸಿ, ಅಲ್ಲಿನ ಸಣ್ಣ ಹಸಿರು ನಿಂಬೆಹಣ್ಣು ಹಿಂಡಿ ಪನೀರ್ ಮಾಡಿಕೊಳ್ಳಬಹುದು: ಲೀಟರಿಗೆ ಎರಡು ಮೂರು ಹಣ್ಣು.