ಐಹೊಳೆ ಶಾಸನದ ವರ್ಷವನ್ನು ದಾಖಲಿಸುವ ಕ್ರಮ

ಶಾಸನಗಳ ಸೂಚಿಯನ್ನು ಗಣಕಕ್ಕೆ ಅಳವಡಿಸುವ ಕೆಲಸದಲ್ಲಿ ಕಾಲನಿರ್ದೇಶದ ಭಾಗವನ್ನು ನಾನು ನೋಡಿಕೊಳ್ಳುತ್ತೇನೆ. ಹೊಸದಾಗಿ ಸೇರಿದವರಿಗೆ ನಾನು ಮೊದಲು ಓದಲು ಕೊಡುವುದು ಐಹೊಳೆಯ ಮೇಗುತಿ ಜಿನಾಲಯದಲ್ಲಿರುವ, ರವಿಕೀರ್ತಿ ರಚಿಸಿದ ಇಮ್ಮಡಿ ಪುಲಕೇಶಿಯ ಪ್ರಶಸ್ತಿಯನ್ನು, ಅಂದರೆ ಅವನನ್ನು ಹೊಗಳುವ ಪದ್ಯರೂಪದ ಶಾಸನವನ್ನು. ಭಾರತ ಯುದ್ಧದಿಂದ 3735 ವರ್ಷಗಳೂ ಶಕ ರಾಜರ ಕಾಲದ 556 ವರ್ಷಗಳೂ ಕಳೆದಿವೆ ಎಂದು ಆ ಶಾಸನವೇ ತನ್ನ ಕಾಲವನ್ನು ಎರಡು ಗಣನೆಗಳಲ್ಲಿ ಹೇಳುತ್ತದೆ.

ಎರಡೂ ಸಂಖ್ಯೆಗಳು ಕಳೆದು ಹೋದ ವರ್ಷಗಳನ್ನು, ಅಂದರೆ ಗತವರ್ಷಗಳನ್ನು, ಎಣಿಸುತ್ತವೆ. ಆದ್ದರಿಂದ 556ಕ್ಕೆ 78 ಕೂಡಿಸಿದರೆ ಕ್ರಿ.ಶ. 634 ಸಿಗುತ್ತದೆ, 556ನ್ನೇ ನಡೆಯುತ್ತಿರುವ ವರ್ಷವೆಂದು ಓದಿದರೆ ಲೆಕ್ಕ ಒಂದು ವರ್ಷ ಹಿಂದೆ ಸರಿಯುತ್ತದೆ. ಭಾರತ ಯುದ್ಧದಿಂದ ಹೇಳಿರುವ 3735 ಕಲಿಯುಗದ ಆರಂಭದಿಂದ ಎಣಿಸುವ ಕಲಿಗಣನೆಯೇ; ಅದರಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕಲಿಯುಗದ ಆರಂಭ ಕ್ರಿ.ಪೂ. 3102 ಎಂದು ತಿಳಿದವರು ಸಹಜವಾಗಿಯೇ 3735ರಿಂದ 3102ನ್ನು ಕಳೆದು 633 ಎಂದು ಬರೆದುಬಿಡುತ್ತಾರೆ. ಕ್ರಿ.ಪೂ. 1ರ ಮರುವರ್ಷವೇ ಕ್ರಿ.ಶ. 1 ಆಗಿರುವುದರಿಂದ, ನಡುವೆ ಸೊನ್ನೆಯ ವರ್ಷವಿಲ್ಲದಿರುವುದರಿಂದ, ಕಳೆಯಬೇಕಾದದ್ದು 3101. ಆಗ ಎರಡು ಗಣನೆಗಳೂ 634ರಲ್ಲಿ ಕೂಡುತ್ತವೆ. ಇಷ್ಟು ಪ್ರಾಚೀನ ಶಾಸನವೊಂದು ತನ್ನ ಲೆಕ್ಕವನ್ನು ತಾಳೆ ನೋಡುವ ದಾರಿಯನ್ನು ತಾನೇ ಒದಗಿಸಿರುವುದು ನನಗೆ ಇಂದಿಗೂ ಬಹಳ ಅಮೂಲ್ಯವೆನಿಸುತ್ತದೆ.

ಚೈತ್ರದಿಂದ ಆರಂಭವಾಗುವ ವರ್ಷ ಜನವರಿಯಿಂದ ಆರಂಭವಾಗುವ ವರ್ಷದೊಳಗೆ ಪೂರ್ತಿ ಅಡಗುವುದಿಲ್ಲ. ಐಹೊಳೆ ಶಾಸನ ಮಾಸವನ್ನಾಗಲಿ ತಿಥಿಯನ್ನಾಗಲಿ ಹೇಳದ ಕಾರಣ ನಾವು 634-35 ಎಂದೇ ನಮೂದಿಸುತ್ತೇವೆ. ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಶಕ 500ರ ಶಾಸನ ಕಾರ್ತಿಕ ಹುಣ್ಣಿಮೆಯನ್ನು ಹೆಸರಿಸಿರುವುದರಿಂದ ಅಲ್ಲಿ 578 ಎಂಬ ಒಂದೇ ವರ್ಷ ಸಾಕು.

ಹೀಗಾಗಿ ಶಾಸನದಲ್ಲಿರುವ ಗಣನೆಯ ಹೆಸರು, ಅದರ ಸಂಖ್ಯೆ, ಗತವೋ ವರ್ತಮಾನವೋ ಎಂಬ ವಿವರ ಇವು ಮೂರನ್ನೂ ಮೂಲದಲ್ಲಿದ್ದಂತೆಯೇ ಮೊದಲು ಬರೆದು, ಕ್ರಿಸ್ತಶಕ ವರ್ಷವನ್ನು ಬೇರೆಯೇ ಅಂಕಣದಲ್ಲಿ ಇಡುವ ಕ್ರಮವನ್ನು ನಾನು ಬಿಡುವುದಿಲ್ಲ. ಕ್ರಿಸ್ತಶಕ ವರ್ಷ ನಮ್ಮ ಲೆಕ್ಕ, ಶಾಸನದ ಮಾತಲ್ಲ. ಆರನೆಯ ವಿಕ್ರಮಾದಿತ್ಯ 1076ರಲ್ಲಿ ಚಾಳುಕ್ಯ ವಿಕ್ರಮ ವರ್ಷವೆಂಬ ತನ್ನದೇ ಗಣನೆಯನ್ನು ಆರಂಭಿಸಿದ ಮೇಲಿನ ಶಾಸನಗಳಲ್ಲಿ ಇದರ ಬೆಲೆ ಇನ್ನಷ್ಟು ತಿಳಿಯುತ್ತದೆ: ಅಲ್ಲಿ ಮೊದಲನೆಯ ವರ್ಷ ಶಕ 998ರ ನಳ ಸಂವತ್ಸರ, ಮತ್ತು ವರ್ಷಸಂಖ್ಯೆಗೂ ಸಂವತ್ಸರದ ಹೆಸರಿಗೂ ಹೊಂದಾಣಿಕೆಯಾಗದಿದ್ದರೆ ಎರಡನ್ನೂ ಹಾಗೆಯೇ ಉಳಿಸಿ, ಮಾಸ, ತಿಥಿ, ವಾರಗಳು ಯಾವುದಕ್ಕೆ ಒಪ್ಪುತ್ತವೆ ಎಂದು ನೋಡಿದ ನಂತರವೇ ಕ್ರಿಸ್ತಶಕದ ಅಂಕಣವನ್ನು ತುಂಬುತ್ತೇವೆ.