ಅತ್ತಿಕಾಯಿ ಬಿಡಿಸಿದೆ

ಬೆಳಿಗ್ಗೆ ವಾಕಿಂಗ್ ಹೋದಾಗ ಅತ್ತಿ ಮರದ ಕಾಂಡಕ್ಕೇ ಅಂಟಿಕೊಂಡಿದ್ದ ಒಂದು ಕಾಯಿ ಕಿತ್ತು, ಸುಮ್ನೆ ಬಿಡಿಸಿದೆ.

ಒಳಗೆ ಗಿಜಿಗಿಜಿ. ಎಳ್ಳಿಗಿಂತ ಸಣ್ಣ ಕಣಜಗಳು. ಒಂದು ನನ್ನ ಹೆಬ್ಬೆರಳ ಮೇಲೆ ನಿಂತು ರೆಕ್ಕೆ ಸರಿ ಮಾಡಿಕೊಂಡಿತು.

ಅತ್ತಿ ಹಣ್ಣು ಬಿಡಿಸಿದರೆ ಬರೀ ಹುಳ ಅಂತ ಅಜ್ಜಿ ಮೂಗು ಮುರಿಯುತ್ತಿದ್ದರು. ಆ ಹುಳ ಇಲ್ಲದಿದ್ದರೆ ಅತ್ತಿಗೆ ಬೀಜವೇ ಇಲ್ಲ! ಹೂವೆಲ್ಲ ಕಾಯಿಯ ಒಳಗೇ ಅಲ್ವಾ. ತಾಯಿ ಕಣಜ ತುದಿಯ ಸಣ್ಣ ಕಿಂಡಿಯಲ್ಲಿ ನುಗ್ಗುವಾಗಲೇ ರೆಕ್ಕೆ ಹರಿದುಹೋಗುತ್ತದೆ. ಪರಾಗ ಹಚ್ಚಿ, ಮೊಟ್ಟೆ ಇಟ್ಟು, ಅಲ್ಲೇ ಸಾಯುತ್ತದೆ. ಗಂಡುಗಳಿಗೆ ರೆಕ್ಕೆಯೇ ಇಲ್ಲ. ಹೆಣ್ಣುಗಳು ಹೊರಹೋಗಲು ದಾರಿ ಕೊರೆದುಕೊಡುವುದು ಅವುಗಳ ಕೆಲಸ, ಪಾಪ.

ಕೋಟ್ಯಂತರ ವರ್ಷಗಳಿಂದ ಇದೇ ನಡೆದಿದೆಯಂತೆ. ಮರ ಬದಲಾದ ಹಾಗೆ ಕಣಜ, ಕಣಜ ಬದಲಾದ ಹಾಗೆ ಮರ. ಯಾರು ಯಾರನ್ನು ಸಾಕಿದ್ದು?

ಅಷ್ಟರಲ್ಲಿ ಪಕ್ಕದ ಕಾಯಿ ನೋಡಿದರೆ, ತೂತಿನ ಬಾಯಲ್ಲೇ ಇರುವೆಗಳು ಕಾದು ಕೂತಿವೆ. ಹೊರಬಂದ ಕಣಜವನ್ನು ಒಂದು ಇರುವೆ ಕಚ್ಚಿಕೊಂಡು ಹೊರಟೇಬಿಟ್ಟಿತು. ತಿಂಡಿ ಹೊತ್ತು ನೋಡಿ.

ಅತ್ತಿ ಹಾಲಿನ ಅಂಟು ಬೆರಳಿಂದ ಇನ್ನೂ ಹೋಗಿಲ್ಲ. ಟೈಪ್ ಮಾಡಲೂ ಕಷ್ಟ.