ಔಶಿ ಜನರ ಕಲ್ಪನೆ: ಎಂಟನೆಯ ತಿಂಗಳ ಕೆಲಸದ ಟಿಪ್ಪಣಿ

ಈ ತಿಂಗಳು ಬರೆದುದಕ್ಕಿಂತ ಹೊಡೆದುಹಾಕಿದುದೇ ಹೆಚ್ಚು. ಕಳೆದ ತಿಂಗಳ ಕೊನೆಗೆ ನನ್ನ ಬಳಿ ಎರಡು ನೋಟುಪುಸ್ತಕಗಳು, ನಿವಣೆ ಎಂಬ ಕಲ್ಪಿತ ನದಿಯ ಕಣಿವೆಯ ನಕ್ಷೆ, ಔಶಿ ಭಾಷೆಯ 340 ಪದಗಳು ಮತ್ತು 21 ಅರಸರ ವಂಶಾವಳಿ ಇದ್ದವು. ವಂಶಾವಳಿಯನ್ನು ಹರಿದುಹಾಕಿದ್ದೇನೆ. ನಕ್ಷೆ ಮತ್ತು ಪದಗಳು ಉಳಿದಿವೆ.

ಹೊಸದಾಗಿ ಓದುವವರಿಗಾಗಿ ಹೇಳುವುದಾದರೆ, ಔಶಿಗಳು ನಾನು ಕಟ್ಟುತ್ತಿರುವ ಒಂದು ಪ್ರಾಚೀನ ಜನ. ಒಣ ಪ್ರಸ್ಥಭೂಮಿಯಲ್ಲಿ ಕಾಲುವೆ ತೋಡಿ, ತೂಬು ಕಟ್ಟಿ ಬದುಕಿದವರು. ಅವರ ಭಾಷೆ ಸತ್ತು ಸುಮಾರು 1500 ವರ್ಷಗಳಾದ ಮೇಲೆ ಅದೇ ಕಣಿವೆಯಲ್ಲಿ ತೋರಲರು ಎಂಬ ಬೇರೆ ಜನ ಬಾಳುತ್ತಿದ್ದಾರೆ. ನನ್ನ ಆಸಕ್ತಿ ಇರುವುದು ಔಶಿಗಳ ವೈಭವದಲ್ಲಿ ಅಲ್ಲ, ತೋರಲರ ದಿನನಿತ್ಯದಲ್ಲಿ ಅವರಿಗೇ ತಿಳಿಯದಂತೆ ಉಳಿದುಕೊಂಡಿರುವ ಔಶಿ ಗುರುತುಗಳಲ್ಲಿ. ನಿವಣೆಯನ್ನು ತುಂಗಭದ್ರೆಯ ಉಪನದಿಯನ್ನಾಗಿ ಮಾಡುವ ಆಸೆ ಮೊದಲು ಇತ್ತು. ನಿಜವಾದ ನೆಲದ ಮೇಲೆ ಸುಳ್ಳು ಇತಿಹಾಸ ಬರೆದರೆ ನಾಳೆ ಯಾರಾದರೂ ಅದನ್ನು ನಿಜವೆಂದೇ ಎತ್ತಿಕೊಂಡಾರೆಂದು ಹೆದರಿ ಕೈಬಿಟ್ಟೆ.

ವಂಶಾವಳಿಯನ್ನು ಹರಿಯಲು ಕಾರಣವಿಷ್ಟು. ಅದರ ಜೊತೆಗೆ ಒಂದು 'ಪ್ರಭಾವದ ಪಟ್ಟಿ'ಯನ್ನೂ ಮಾಡಿದ್ದೆ. ತೋರಲರ ಲಿಪಿ, ನ್ಯಾಯ, ಪಂಚಾಂಗ, ಕೊನೆಗೆ ಮಜ್ಜಿಗೆ ಕಡೆಯುವ ಕಡೆಗೋಲು ಕೂಡ ಔಶಿಗಳಿಂದಲೇ ಬಂದವೆಂದು ಅದರಲ್ಲಿ ಬರೆದಿತ್ತು. ಒಂದು ವಾರ ಬಿಟ್ಟು ಓದಿದಾಗ ಜಾತ್ರೆಯ ಸ್ಮರಣಸಂಚಿಕೆಯಲ್ಲಿ ಬರುವ ಸ್ಥಳಮಹಿಮೆಯ ಲೇಖನದಂತಿತ್ತು. ಒಂದು ಜನ ಅಳಿದ ಮೇಲೆ ಅವರ ಕೊಡುಗೆ ಹಾಗೆ ಹೆಸರು ಬರೆಸಿಕೊಂಡು ಉಳಿಯುವುದಿಲ್ಲ. ಸವೆದು, ಅರ್ಥ ಬದಲಾಗಿ, ಬಹಳ ಸಲ ತಪ್ಪು ತಿಳಿವಳಿಕೆಯ ರೂಪದಲ್ಲಿ ಉಳಿಯುತ್ತದೆ.

ಈ ಸವೆತವನ್ನು ಹೇಗೆ ಬರೆಯಬೇಕೆಂದು ತಿಳಿಯಲು ಮೂರು ವಾರ ರೋಮನ್ನರಿಗೂ ಮೊದಲು ಇಟಲಿಯಲ್ಲಿ ಬಾಳಿದ ಎಟ್ರುಸ್ಕನ್ನರ ವಿಷಯವನ್ನು ಓದಿದೆ. ಅವರು ತಮ್ಮನ್ನು ಕರೆದುಕೊಂಡಿದ್ದು ರಸೆನ್ನ ಎಂದು. ಆ ಹೆಸರು ಇಂದು ಭೂಪಟದಲ್ಲಿ ಎಲ್ಲಿಯೂ ಇಲ್ಲ. ಗ್ರೀಕರು ಅವರಿಗೆ ಇಟ್ಟ ಹೆಸರು ಟಿರೇನಿಯನ್ ಸಮುದ್ರದಲ್ಲಿ, ರೋಮನ್ನರು ಇಟ್ಟ ಹೆಸರು ಟಸ್ಕನಿಯಲ್ಲಿ ಉಳಿದಿವೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಕ್ಷರಗಳ ಕಥೆ. ಗ್ರೀಕ್ ವರ್ಣಮಾಲೆಯ ಮೂರನೆಯ ಅಕ್ಷರ ಗಕಾರದ್ದು. ಎಟ್ರುಸ್ಕನ್ ಭಾಷೆಯಲ್ಲಿ ಗಕಾರದ ಧ್ವನಿಯೇ ಇರಲಿಲ್ಲವಾದ್ದರಿಂದ ಅವರು ಆ ಅಕ್ಷರವನ್ನು ಕಕಾರಕ್ಕೆ ಬಳಸಿದರು. ಅವರ ಮೂಲಕ ಲಿಪಿ ಪಡೆದ ರೋಮನ್ನರಿಗೆ ಎರಡೂ ಧ್ವನಿಗಳು ಬೇಕಿದ್ದವು. ಬಹಳ ಕಾಲ ಒಂದೇ ಅಕ್ಷರದಲ್ಲಿ ಎರಡನ್ನೂ ತೂಗಿಸಿ, ಕ್ರಿ.ಪೂ. 3ನೆಯ ಶತಮಾನದ ಹೊತ್ತಿಗೆ ಆ ಅಕ್ಷರಕ್ಕೆ, ಅಂದರೆ ಇಂದಿನ 'ಸಿ'ಗೆ (C), ಒಂದು ಗೀಟು ಸೇರಿಸಿ 'ಜಿ' (G) ಮಾಡಿಕೊಂಡರು. ಗಾಯಸ್ ಎಂಬ ಹೆಸರಿನ ಸಂಕ್ಷೇಪವನ್ನು ಮಾತ್ರ ಆಮೇಲೂ 'ಸಿ' ಎಂದೇ ಬರೆಯುತ್ತಿದ್ದರು. ಯಾರದೋ ಬಾಯಲ್ಲಿ ಇಲ್ಲದ ಒಂದು ಧ್ವನಿ ಇನ್ಯಾರದೋ ಅಕ್ಷರಮಾಲೆಯಲ್ಲಿ ಇಷ್ಟು ಕಾಲ ಬಾಳಿದೆ ಎಂಬುದು, ನಾನು ಕಟ್ಟಿದ್ದ 21 ಅರಸರ ಶೌರ್ಯಕ್ಕಿಂತ ಹೆಚ್ಚು ನಂಬುವಂತಹ ಸಂಗತಿಯಾಗಿ ಕಂಡಿತು.

ಆ ಮಾದರಿಯನ್ನು ತಿರುಗಿಸಿ ನನ್ನ ಲಿಪಿಯಲ್ಲಿ ಬಳಸಿದೆ. ಔಶಿ ಭಾಷೆಯಲ್ಲಿ ಲಕಾರವೂ ಳಕಾರವೂ ಇವೆ, ತೋರಲರಿಗೆ ಲಕಾರ ಮಾತ್ರ. ಆದರೂ ತೋರಲ ಮಕ್ಕಳು ಅಕ್ಷರಮಾಲೆಯನ್ನು ಒಪ್ಪಿಸುವಾಗ ಆ ಹೆಚ್ಚುವರಿ ಅಕ್ಷರವನ್ನೂ ಹೇಳುತ್ತಾರೆ. ನಮ್ಮ ಹಳೆಯ ಮೊದಲ ಪಾಠದ ಪುಸ್ತಕಗಳಲ್ಲಿ ಯಾವ ಕನ್ನಡ ಪದಕ್ಕೂ ಬೇಡವಾದ ಌ, ೡ ಅಕ್ಷರಗಳನ್ನು ಮಕ್ಕಳು ರಾಗವಾಗಿ ಹೇಳುತ್ತಿದ್ದಂತೆ. ಓದಿನಲ್ಲಿ ಸತ್ತ ಆ ಅಕ್ಷರ ಅಂಗಡಿಯಲ್ಲಿ ಬದುಕಿದೆ. ಔಶಿಗಳು ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳುಗಳ ಗೆಣ್ಣುಗಳನ್ನು ಮುಟ್ಟಿ ಹನ್ನೆರಡರ ಕಟ್ಟುಗಳಲ್ಲಿ ಎಣಿಸುತ್ತಿದ್ದರು, ಮತ್ತು ಹನ್ನೆರಡಕ್ಕೆ ಅವರ ಪದ ಳಕಾರದಿಂದ ಶುರುವಾಗುತ್ತಿತ್ತು. ಹಾಗಾಗಿ ತೋರಲ ವ್ಯಾಪಾರಿಗಳು ಹನ್ನೆರಡರ ಕಟ್ಟಿಗೆ ಇಂದಿಗೂ ಆ ಅಕ್ಷರವನ್ನೇ ಗುರುತಾಗಿ ಗೀಚುತ್ತಾರೆ. ಇದು ಅತಿಯಾಯಿತೇ ಎಂಬ ಅನುಮಾನ ಬಂದಾಗ ನಮ್ಮ ಬಳೆ ಅಂಗಡಿಯನ್ನು ನೆನೆದುಕೊಂಡೆ. ಲ್ಯಾಟಿನ್ನಿನ ಹನ್ನೆರಡು ಫ್ರೆಂಚಿನಲ್ಲಿ ಸವೆದು, ಇಂಗ್ಲಿಷಿನಲ್ಲಿ ಇನ್ನಷ್ಟು ಸವೆದು, 'ಡಜನ್' ಆಗಿ ಇಲ್ಲಿಗೆ ಬಂದಿದೆ. ಬಳೆ ತೊಡಿಸಿಕೊಳ್ಳುವವರು ಯಾರೂ ರೋಮಿನ ನೆನಪು ಮಾಡಿಕೊಳ್ಳುವುದಿಲ್ಲ.

ಪದಗಳ ಸವೆತಕ್ಕೆ ಈ ತಿಂಗಳು ಮೂರು ನಿಯಮಗಳನ್ನು ಕಟ್ಟಿಕೊಂಡು ಎಲ್ಲ 340 ಪದಗಳಿಗೂ ಹಚ್ಚಿದೆ: ಮೊದಲ ಸಕಾರ ಬೀಳುತ್ತದೆ, ಳಕಾರ ಲಕಾರವಾಗುತ್ತದೆ, ನಡುವಿನ ಉಕಾರ ಬಿದ್ದು ಅಲ್ಲಿ ಕೂಡುವ ವ್ಯಂಜನಗಳಲ್ಲಿ ಮೊದಲನೆಯದು ಎರಡನೆಯದರಂತೆಯೇ ಆಗಿ ಒತ್ತಕ್ಷರವಾಗುತ್ತದೆ. ಹನ್ನೆರಡಕ್ಕೆ ನಾನಿಟ್ಟಿದ್ದ ಪದ 'ಳೆತುಕ'. ನಿಯಮದ ಪ್ರಕಾರ ನಡೆಸಿದರೆ ಅದು 'ಲೆಕ್ಕ' ಎಂದಾಗಿ ಬಂದು ಕುಳಿತಿತು! ಪ್ರಾಕೃತದ ಮೂಲಕ ಕನ್ನಡಕ್ಕೆ ಬಂದ ಪದವನ್ನು ನಾನು ಔಶಿಗಳಿಗೆ ಕಟ್ಟುತ್ತಿದ್ದೇನೆಂದು ಓದುವವರು ತಿಳಿದಾರೆಂದು ಅದನ್ನು 'ಳೊತುಮ' ಎಂದು ಬದಲಿಸಿದೆ. ಈಗ ತೋರಲರ ಬಾಯಲ್ಲಿ ಅದು 'ಲೊಮ್ಮ'.

ನಿಯಮ ಎಲ್ಲಿ ತಾಗುತ್ತದೆ ಎಂಬಷ್ಟೇ, ಎಲ್ಲಿ ತಾಗುವುದಿಲ್ಲ ಎಂಬುದೂ ಮುಖ್ಯ. ಪಂಪೆ ಹಂಪೆಯಾದಾಗ ಮೊದಲ ಪಕಾರ ಹಕಾರವಾಯಿತು, ಮಕಾರದ ಹಿಂದೆ ಅಡಗಿದ್ದ ಎರಡನೆಯದು ಹಾಗೆಯೇ ಉಳಿಯಿತು. ಪತ್ತು ಹತ್ತಾದರೂ ಇಪ್ಪತ್ತು, ಎಪ್ಪತ್ತುಗಳಲ್ಲಿ ಪಕಾರ ಕುಳಿತೇ ಇದೆ. ಹಾಗೆಯೇ ತೂಬಿಗೆ ಔಶಿ ಪದವಾದ 'ಸೊರು' ತೋರಲರಲ್ಲಿ ಸಕಾರ ಕಳೆದುಕೊಂಡು 'ಒರು' ಆಗಿದೆ, ಆದರೆ ಮೇಲಿನ ತೂಬು ಎಂಬ ಅರ್ಥದ 'ಬೆನುಸೊರು' ಎಂಬ ಊರಿನ ಹೆಸರು 'ಬೆಸ್ಸೊರು' ಎಂದಾಗಿ ಸಕಾರವನ್ನು ಉಳಿಸಿಕೊಂಡಿದೆ. ಬೆಸ್ಸೆ ಎಂಬ ರಾಣಿ ಕಟ್ಟಿಸಿದ್ದರಿಂದ ಆ ಹೆಸರು ಬಂದಿತೆಂದು ಊರಿನವರು ಹೇಳುತ್ತಾರೆ. ಅವರ ಪ್ರಕಾರ ಅವಳ ಸಮಾಧಿಯೂ ಅಲ್ಲಿದೆ.

'ಒರು' ಪದದ ಅರ್ಥವನ್ನೂ ಬದಲಿಸಿದ್ದೇನೆ. ತೋರಲರಲ್ಲಿ ಅದರ ಅರ್ಥ ತೀರ್ಪು. ಔಶಿಗಳ ಕಾಲದಲ್ಲಿ ನೀರಿನ ಜಗಳಗಳನ್ನು ತೂಬಿನ ಬಳಿಯೇ, ನಮ್ಮ ನೀರಗಂಟಿಯಂತಹ ಒಬ್ಬನ ಎದುರಿನಲ್ಲಿ ತೀರಿಸುತ್ತಿದ್ದರು. ತೀರ್ಪಾದ ಮೇಲೆ ಅವನು ಹಲಗೆ ಎತ್ತಿ ಗೆದ್ದವನ ಹೊಲಕ್ಕೆ ನೀರು ಬಿಡುತ್ತಿದ್ದ. ಕಾಲುವೆಗಳೆಲ್ಲ ಹೂತುಹೋದ ಮೇಲೂ ತೋರಲ ನ್ಯಾಯಾಧೀಶ ತೀರ್ಪು ಓದುವ ಮೊದಲು ಮೇಜಿನ ಮೇಲಿನ ಒಂದು ಸಣ್ಣ ಮರದ ಹಲಗೆಯನ್ನು ಎತ್ತಿಡುತ್ತಾನೆ. ಏಕೆಂದು ಕೇಳಿದರೆ, ಸತ್ಯದ ಮೇಲಿನ ಮುಚ್ಚಳ ತೆಗೆಯುವ ಸಂಕೇತವೆಂದು ಸೊಗಸಾದ ವಿವರಣೆ ಕೊಡುತ್ತಾನೆ. ರೋಮಿನ ಅಧಿಕಾರಿಗಳ ಮುಂದೆ ಕಟ್ಟಿಗೆಯ ಕಟ್ಟು ಹಿಡಿದು ನಡೆಯುತ್ತಿದ್ದ ಹನ್ನೆರಡು ಮಂದಿ ಸೇವಕರ ಪದ್ಧತಿ ಎಟ್ರುಸ್ಕನ್ನರಿಂದ ಬಂದಿತೆಂಬ ಅಭಿಪ್ರಾಯವನ್ನು ಇತಿಹಾಸಕಾರ ಲಿವಿ ದಾಖಲಿಸಿದ್ದಾನೆ. ಅಧಿಕಾರದ ಸಲಕರಣೆಗಳು ಅಧಿಕಾರಕ್ಕಿಂತ ಹೆಚ್ಚು ಕಾಲ ಬಾಳುತ್ತವೆ ಎಂಬ ಧೈರ್ಯ ನನಗೆ ಅಲ್ಲಿಂದ ಬಂದಿತು.

ಪಾಳುಬಿದ್ದ ಕಾಲುವೆಗಳ ಬಗ್ಗೆ ತೋರಲರು ಏನು ಹೇಳುತ್ತಾರೆ ಎಂಬುದಕ್ಕೆ ಉತ್ತರ ನಮ್ಮಲ್ಲಿಯೇ ಸಿಕ್ಕಿತು. ಹಂಪೆಯ ಬಳಿಯ ನಿಂಬಾಪುರದ ಬೂದಿದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಇಂತಹ ದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿಗಳೆಂಬುದು ಆಲ್ಚಿನ್ ಅವರು ಉಟ್ನೂರಿನಲ್ಲಿ, ಪದ್ದಯ್ಯ ಅವರು ಬೂದಿಹಾಳದಲ್ಲಿ ನಡೆಸಿದ ಉತ್ಖನನಗಳಿಂದ ಸ್ಪಷ್ಟವಾಗಿದೆ. ಗಂಗಾವತಿಯ ಕಡೆಯ ಹಿರೇಬೆಣಕಲ್ಲಿನ ಗುಡ್ಡದ ಮೇಲಿರುವ ಬೃಹತ್ ಶಿಲಾಯುಗದ ಕಲ್ಲುಮನೆಗಳು ಸುತ್ತಲಿನವರಿಗೆ ಮೋರ್ಯರೆಂಬ ಹಳೆಯ ಜನರ ಮನೆಗಳು. ಎರಡೂ ಕಡೆ ಕಟ್ಟಿದವರ ನೆನಪು ಅಳಿದಿದೆ, ಆದರೆ ಜಾಗವನ್ನು ಕಥೆಯಿಲ್ಲದೆ ಬಿಡಲು ಜನ ಒಪ್ಪಿಲ್ಲ. ಆದ್ದರಿಂದ ತೋರಲರಿಗೂ ಔಶಿಗಳು ಪೂರ್ವಿಕರಲ್ಲ. ಸೊಕ್ಕಿನಿಂದ ನದಿಯನ್ನೇ ಕಟ್ಟಿಹಾಕಲು ಹೋಗಿ ಮುಳುಗಿದ ರಾಕ್ಷಸರು. ತೂಬಿನ ಕಲ್ಲುಗಳು ಅವರ ಹಲ್ಲುಗಳು. ಆ ಹಲ್ಲುಗಳ ಮೇಲೆ ಕುಳಿತು ತೋರಲ ಮುದುಕರು ಔಶಿಗಳ ಹಾಗೆಯೇ ಗೆಣ್ಣು ಮುಟ್ಟಿ ಎಣಿಸುತ್ತಾರೆ.

ಹಬ್ಬ ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ನೀರು ಬಿಡುವ ದಿನದ ಆಚರಣೆಯನ್ನು ಆರು ಪುಟ ಬರೆದು ಶಾಲೆಯಲ್ಲಿ ಕಲಿಸುವ ಗೆಳೆಯರೊಬ್ಬರಿಗೆ ತೋರಿಸಿದೆ. ಅವರು ಪೂರ್ತಿ ಓದಿ, "ಎಲ್ಲ ಚೆನ್ನಾಗಿದೆ ಮಾರಾಯರೆ, ಆದರೆ ಆ ದಿನ ಒಲೆಯ ಮೇಲೆ ಏನಿದೆ?" ಎಂದರು. ಮಂತ್ರವಿತ್ತು, ಮೆರವಣಿಗೆಯಿತ್ತು, ಅಡುಗೆ ಇರಲಿಲ್ಲ. ಆಮೇಲೆ ಅವಸರದಲ್ಲಿ ಬರೆದ ಅಡುಗೆಯಲ್ಲಿ ಒಣಮೆಣಸಿನಕಾಯಿಯನ್ನು ಹಾಕಿಬಿಟ್ಟೆ. ಅಮೆರಿಕದಿಂದ ಪೋರ್ಚುಗೀಸರ ಮೂಲಕ 16ನೆಯ ಶತಮಾನದಲ್ಲಿ ಬಂದ ಮೆಣಸಿನಕಾಯಿ ಇಲ್ಲದೆ ಅಡುಗೆಯನ್ನು ಊಹಿಸಲು ನನಗೇ ಬರುವುದಿಲ್ಲವಲ್ಲ! ಈಗ ಅದನ್ನು ತೆಗೆದು ಕರಿಮೆಣಸು ಹಾಕಿದ್ದೇನೆ. ಉಳಿದ ಪುಟಗಳನ್ನು ಮತ್ತೆ ಬರೆಯಬೇಕು.

ಸದ್ಯ ಮೇಜಿನ ಮೇಲಿರುವುದು ಔಶಿ ಭಾಷೆಯಲ್ಲಿ ಉಳಿದಿರುವ ಅತಿ ಉದ್ದದ ಬರಹದ ಕೆಲಸ. ಎಟ್ರುಸ್ಕನ್ ಭಾಷೆಯ ಅತಿ ಉದ್ದದ ಪಠ್ಯ ಒಂದು ನಾರುಬಟ್ಟೆಯ ಪುಸ್ತಕ. ಈಜಿಪ್ಟಿನಲ್ಲಿ ಯಾರೋ ಅದನ್ನು ಪಟ್ಟಿಗಳಾಗಿ ಹರಿದು ಮಮ್ಮಿಗೆ ಸುತ್ತಿದ್ದರಿಂದಲೇ ಅದು ಉಳಿಯಿತು, ಈಗ ಕ್ರೊಯೇಷಿಯಾದ ಜಾಗ್ರೆಬಿನ ವಸ್ತುಸಂಗ್ರಹಾಲಯದಲ್ಲಿದೆ. ನನ್ನ ಬರಹವನ್ನು ಕಲ್ಲಿನ ಮೇಲೆ ಇಟ್ಟಿದ್ದೇನೆ. ಅದು ನೀರಿನ ಸರದಿಯ ಪಟ್ಟಿ, ಒಟ್ಟು 30 ಸಾಲು. ತೋರಲರು ಆ ಕಲ್ಲನ್ನು ಬಚ್ಚಲಿಗೆ ಹಾಸಿದ್ದಾರೆ ಮತ್ತು ನೀರು ಹರಿದುಹೋಗಲು ನಡುವೆ ಉದ್ದಕ್ಕೂ ಒಂದು ಸಣ್ಣ ಕಾಲುವೆ ಕೊರೆದಿದ್ದಾರೆ. ಇದುವರೆಗೆ 11 ಸಾಲುಗಳನ್ನು ಪೂರ್ತಿಯಾಗಿ ಬರೆದು, ಪ್ರತಿ ಸಾಲಿನ ನಡುವಿನ ಎರಡು ಮೂರು ಅಕ್ಷರಗಳನ್ನು ಅಳಿಸಿದ್ದೇನೆ. ಏಳನೆಯ ಸಾಲಿನಲ್ಲಿ ಕೊರೆತಕ್ಕೆ ಸಿಕ್ಕಿದ್ದು ಔಶಿಗಳು ತಮ್ಮನ್ನು ಕರೆದುಕೊಳ್ಳುತ್ತಿದ್ದ ಹೆಸರು.